ಮೆಣಸಿನಕಾಯಿ ತೊಟ್ಟಿನ ಇದ್ದಿಲು

ಬ್ಯಾಡಗಿ, ೧೪ ಮಾರ್ಚ್ ೧೯೯೩, ರವಿವಾರ

ಕಣ್ಣು ಇನ್ನೂ ಉರಿಯುತ್ತಿದೆ. ತಪ್ಪು ನನ್ನದೇ. ನೀರು ಸೋಸಲು ಅಂಗಡಿಯ ಇದ್ದಿಲು ದುಬಾರಿ, ಮೆಣಸಿನಕಾಯಿಯ ತೊಟ್ಟು ಇಲ್ಲಿ ಪುಕ್ಕಟೆ. ಹಿತ್ತಲಲ್ಲಿ ಅದನ್ನು ಡಬ್ಬಿಗೆ ಹಾಕಿ ಸುಡುವಾಗ ಮುಚ್ಚಳ ಬಿಗಿ ಮಾಡಲು ಮರೆತೆ. ಓಣಿಯೆಲ್ಲ ಕೆಮ್ಮಿತು. ಪಕ್ಕದ ಮನೆಯ ತಾಜಬಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದಳು.

“ದೃಷ್ಟಿ ತಗದ್ರೇನ್ರಿ ಅಕ್ಕೋರ? ಇಷ್ಟು ಘಾಟು ಬಂತಂದ್ರ ನಿಮಗ ದೃಷ್ಟಿನ ಆಗಿಲ್ಲ ಬಿಡ್ರಿ.”

ಇದ್ದಿಲು ಆರಿದ ಮೇಲೆ ತೊಳೆದು, ತಳಕ್ಕೆ ತೂತಿದ್ದ ಗಡಿಗೆಗೆ ತುಂಬಿ, ಅವಳ ಬಾವಿಯ ನೀರನ್ನೇ ಅದರ ಮೇಲೆ ಸುರಿದೆ. ಲೋಹಕ್ಕೆ ಲೇಪನ ಮಾಡುವ ಕಾರ್ಖಾನೆಯ ಕ್ರೋಮಿಯಂ ಸೇರಿ ವರ್ಷದಿಂದ ಹಳದಿಯಾಗಿರುವ ನೀರು. ಕೆಳಗಿಟ್ಟ ಗ್ಲಾಸಿಗೆ ಹನಿಹನಿಯಾಗಿ ಇಳಿದದ್ದು ತಿಳಿನೀರು! ನಾನು ಕಲಿಸುವ ಕಾಲೇಜಿನಲ್ಲಿ ಪರೀಕ್ಷೆ ಮಾಡುವತನಕ ಕುಡಿಯಬೇಡ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಗ್ಲಾಸನ್ನು ಬಿಸಿಲಿಗೆ ಹಿಡಿದು ಕುಣಿದಾಡಿದಳು.

“ಹಂಗಾರ ದೃಷ್ಟಿ ಆಗಿದ್ದು ನಮ್ಮ ಬಾವಿಗೆ ನೋಡ್ರಿ!”