ಹಿಂದಿನ ಗಾಲಿಯ ಬ್ರೇಕು

ಪ್ರೀತಿಯ ಅಣ್ಣನಿಗೆ,

ನೀನು ಕಳಿಸಿದ ನಾಲ್ಕು ಗಾಲಿಗಳನ್ನು ಅಮ್ಮನ ಅಡುಗೆಮನೆಯ ಕುರ್ಚಿಗೆ ಹಾಕಿಸಿದೆವು. ಕಾರ್ಖಾನೆಯ ಟ್ರಾಲಿಗಳಿಗೆ ಗಾಲಿ ಆರಿಸುವವನ ಆಯ್ಕೆಗೆ ಹೆಸರಿಡುವಂತಿಲ್ಲ. ರಬ್ಬರಿನವಾದ್ದರಿಂದ ನೆಲಕ್ಕೆ ಗೀರಿಲ್ಲ, ಕಿವಿಗೆ ಸದ್ದಿಲ್ಲ. ಕಾಲು ಕೈಕೊಟ್ಟ ಮೇಲೆ ಮೂಲೆ ಹಿಡಿದಿದ್ದ ಅಮ್ಮ ಈಗ ಒಲೆಯಿಂದ ಕಪಾಟಿಗೆ ಸವಾರಿ ಹೊರಡುತ್ತಾಳೆ.

ತಕರಾರು ಬ್ರೇಕಿನದು. ಟ್ರಾಲಿಯ ಅಭ್ಯಾಸದಲ್ಲಿ ನೀನು ಅದನ್ನು ಹಿಂದಿನ ಗಾಲಿಗಳಿಗೆ, ತಳ್ಳುವವರ ಕಾಲಿಗೆ ಸಿಗುವಂತೆ ಇಡಿಸಿದ್ದೀಯ. ಕೂತವಳ ಕೈಗೆ ಅದು ಎಟುಕುವುದಿಲ್ಲ. ಆ ಕಡೆ ಹಾದುಹೋಗುವಾಗೆಲ್ಲ ಅಪ್ಪ, ಬಿದ್ದುಗಿದ್ದಾಳೆಂದು, ಅದನ್ನು ಒತ್ತಿ ಹೋಗುತ್ತಾರೆ. ನಿನ್ನೆ ಹಾಗೇ ಒತ್ತಿ ಪೇಪರ್ ಓದಲು ಹೋದರು. ಹಾಲು ಉಕ್ಕಿತು. ಒಲೆಯ ಗುಂಡಿಗೂ ಅಮ್ಮನ ಬೆರಳಿಗೂ ಒಂದು ಗೇಣು ಅಂತರ.

“ಕರೆಯೋದಲ್ವೇನೇ?” ಎಂದರು ಅಪ್ಪ.

“ಕರೆದೂ ಕರೆದೂ ಸಾಕಾಗಿ ತಾನೆ ಗಾಲಿ ಹಾಕಿಸ್ಕೊಂಡಿದ್ದು?” ಎಂದಳು ಅಮ್ಮ.

ಆದ್ದರಿಂದ ಕೈಯಿಂದ ಎಳೆಯುವ ಬ್ರೇಕು ಕಳಿಸು. ಅಮ್ಮನ ಕೈಗೆ ಸಿಗಬೇಕು, ಅಪ್ಪನ ಕಾಲಿಗೆ ಸಿಗಬಾರದು, ಅಳತೆ ಇಷ್ಟೇ. ಅದು ಬರುವ ತನಕ ಅಮ್ಮ ಅಪ್ಪನನ್ನು ಒಲೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದ್ದಾಳೆ. ಹಾಲು ಕಾಯುವವರೆಗೆ ಅವರೂ ಕಾಯಬೇಕು, ಏಳುವಂತಿಲ್ಲ.

ಇಂತಿ,
ನಿನ್ನ ತಂಗಿ