ಕೋಟೆಯ ತೆನೆ ಕಂಡವರು

ಬಂಕಾಪುರ
೧೧ ಮೇ ೨೦೨೫, ಭಾನುವಾರ

ಚಿರಂಜೀವಿ ರಂಜನಾಳಿಗೆ ನಿನ್ನ ಸೋದರಮಾವ ಮೃತ್ಯುಂಜಯ ಮಾಡುವ ಆಶೀರ್ವಾದಗಳು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕು ಜಾಲಾಡಿದರೂ ನನ್ನಂಥ ಗಟ್ಟಿ ತಲೆ ಇನ್ನೊಂದು ಸಿಕ್ಕುವುದಿಲ್ಲ. ಅರವತ್ತಮೂರು ವರ್ಷದಲ್ಲಿ ಒಂದು ತಾಸೂ ನೋವು ಕಂಡದ್ದಿಲ್ಲ. ಮಾಸೂರಿನ ಕೆರೆಯ ದಂಡೆಯಲ್ಲಿ ಹತ್ತಿ ತುಂಬಿದ ಚಕ್ಕಡಿ ಇದೇ ತಲೆಯ ಮೇಲೆ ಹಾದುಹೋದಾಗ ಮುರಿದದ್ದು ಗಾಲಿ. ಗಾಡಿಯವನು ನನ್ನ ಹತ್ತಿರವೇ ಹೊಸ ಗಾಲಿ ಕೇಳಿದ್ದ, ಕೊಡಲಿಲ್ಲ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಇದು ವರ್ಷದ ಖಾರ ಕುಟ್ಟಿಸುವ ಕಾಲ. ನನ್ನ ಗಿರಣಿಯ ಮುಂದೆ ಮೆಣಸಿನಕಾಯಿ ಚೀಲದ ಸಾಲು ಬಸ್‌ಸ್ಟ್ಯಾಂಡಿನವರೆಗೆ ನಿಂತಿರುತ್ತದೆ. ಸರಿ, ಅಷ್ಟು ದೂರ ಇಲ್ಲ. ಕಿರಾಣಿ ಅಂಗಡಿಯವರೆಗೆ ಅಂತೂ ಇರುತ್ತದೆ.

‘ಫೋನಿನಾಗ ಕೇಳಿದ್ರ ಬರೇ ಡೌಲು ಹೊಡೀತಿ ಮಾಮಾ, ಹಾಳಿ ಮ್ಯಾಲ ಬರಿ. ಪೆನ್ನು ಹಿಡದ್ರ ನಿನ್ನ ಸುಳ್ಳು ಸ್ವಲ್ಪ ನಿಧಾನ ಆಗ್ತಾವು’ ಎಂದು ಬರೆದಿದ್ದೀ. ಮಾವನಿಗೆ ಬರೆಯುವ ರೀತಿಯೇ ಇದು? ಇರಲಿ. ನಿನ್ನ ಹುಬ್ಬಳ್ಳಿ ದವಾಖಾನೆಯಲ್ಲಿ ನಡೆದಿರುವ ಸಂಶೋಧನೆಯ ವಿಷಯವನ್ನು ಮಾತ್ರ ಕನ್ನಡಕ ಒರೆಸಿಕೊಂಡು ಓದಿದೆ. ಅರೆತಲೆಶೂಲೆ ಎಂದರೆ ಪಿತ್ತವೂ ಅಲ್ಲ, ನಾಟಕವೂ ಅಲ್ಲ. ಮಿದುಳು, ನರಗಳದ್ದೇ ರೋಗ, ಎಷ್ಟೋ ಮನೆತನಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದೆ ಎಂದಿದ್ದೀ. ತಿಂಗಳಿಗೊಂದು ಚುಚ್ಚುವ ಹೊಸ ಇಂಜೆಕ್ಷನ್ ಬಂದಿದೆ, ಎಲ್ಲರಿಗೂ ನಾಟುವುದಿಲ್ಲ, ಯಾರಿಗೆ ನಾಟುತ್ತದೆ ಅಂತಲೇ ಈಗ ಹುಡುಕಾಟ ಎಂದೂ ಇದೆ. ನೋವಿನ ಗುಳಿಗೆಯನ್ನು ದಿನಾ ನುಂಗಿದರೆ ಗುಳಿಗೆಯೇ ನೋವು ತರುತ್ತದಂತೆ. ಆ ಸಾಲನ್ನು ಮೂರು ಸಲ ಓದಿದೆ, ಮಂದಿಗೆ ಹೇಳಲು ಬೇಕಾಗುತ್ತದೆಂದು.

ಅದರ ಕೆಳಗೆ ನಿನ್ನ ಮಗಳ ಸುದ್ದಿ. ಹನ್ನೊಂದು ವರ್ಷದ ಪೂಜಾಳಿಗೂ ಶುರುವಾಗಿದೆ, ಮೊದಲು ಕಣ್ಣಿನಲ್ಲಿ ಬೆಳಕು, ಆಮೇಲೆ ನೋವು, ವಾಂತಿ. ನಿಮ್ಮವ್ವ, ಅಂದರೆ ನನ್ನ ಅಕ್ಕ ಫಕ್ಕೀರವ್ವ, ಅದಕ್ಕೆ ನನ್ನನ್ನೇ ಬೈಯುತ್ತಾಳಂತೆ. ದೀಪಾವಳಿ ಸೂಟಿಯಲ್ಲಿ ಪೂಜಾಳನ್ನು ಕೋಟೆಗೆ ಕರೆದುಕೊಂಡು ಹೋಗಿ ನವಿಲು ತೋರಿಸಿದವನು ನಾನು. ‘ಕೋಟಿ ಗಾಳಿ ಬಡದೈತಿ. ನನಗೂ ಬಡದಿತ್ತು. ಬರಿ ಹಾಕಿಸಿದ ಮ್ಯಾಲ ನಿಂತಿತು. ಕೂಸಿಗೂ ಹಾಕಸೋಣು’ ಎಂದು ಬೆಂಕಿಯ ಬರೆಗೇ ಹಟ ಹಿಡಿದಿದ್ದಾಳೆ. ನೀನು ಡ್ಯೂಟಿಗೆ ಹೋದಾಗ ಪೂಜಾಳನ್ನು ಕರೆದುಕೊಂಡು ಹೊರಟುಬಿಟ್ಟರೆ ಏನು ಗತಿ ಎಂದು ನಿನಗೆ ಹೆದರಿಕೆ. ಅವ್ವನ ತವರಿನಲ್ಲಿ ಇದು ಬೇರೆ ಯಾರಿಗಾದರೂ ಇತ್ತೆಂದು ಗೊತ್ತಾದರೆ ಆಕೆಯ ಬಾಯಿ ಕಟ್ಟಬಹುದು, ಹೇಳುವವನು ನೀನೊಬ್ಬನೇ ಉಳಿದವ ಎಂದು ಬರೆದು, ಸಂಶೋಧನೆಯ ಪ್ರಶ್ನೆಗಳ ಫಾರ್ಮು ಜೊತೆಗೆ ಇಟ್ಟಿದ್ದೀ.

ಬಂದ ದಿನವೇ ಫಾರ್ಮಿನಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ದಪ್ಪಗೆ ಬರೆದಿದ್ದೆ. ಹೋದ ಬುಧವಾರದವರೆಗೆ ಅದು ಹಿಟ್ಟಿನ ಡಬ್ಬಿಯ ಕೆಳಗೇ ಇತ್ತು.

ಬುಧವಾರ ಗಿರಣಿಯ ಬಾಗಿಲಿಗೆ ‘ಕರೆಂಟ್ ಇಲ್ಲ’ ಎಂಬ ಹಲಗೆ ತೂಗುಹಾಕಿ ಹಿಂದಿನ ಕೋಣೆಯಲ್ಲಿ ಸ್ವಲ್ಪ ಅಡ್ಡಾಗಿದ್ದೆ. ಓಣಿಯ ರಹಿಮಾಬಿ ಗೊತ್ತಲ್ಲ, ಚೀಲ ಹೊತ್ತು ಹಿತ್ತಲಿನಿಂದಲೇ ಒಳಗೆ ಬಂದಳು.

‘ಏ ಮೃತ್ಯುಂಜಯಣ್ಣ, ನಮ್ಮನ್ಯಾಗ ಫ್ಯಾನ್ ಗಿರ್ ಅಂತ ತಿರಗಾಕತ್ತೈತಿ. ನಿನ್ನ ಗಿರಣಿ ಮ್ಯಾಲಷ್ಟ ಕರೆಂಟಿಗೆ ಸಿಟ್ಟೇನು?’

‘ಮೆಲ್ಲಕ ಮಾತಾಡವಾ.’

ಅವಳು ನೋಡಿದಳು. ಕಿಟಕಿಗೆ ಗೋಣಿತಾಟು, ನನ್ನ ಹಣೆಗೆ ಬಿಗಿದು ಕಟ್ಟಿದ ಹಸಿ ಟವೆಲ್ಲು. ಸೆಕೆಗೆ ಕಟ್ಟಿದ್ದೆ ಅನ್ನು. ಚೀಲ ಇಳಿಸಿ ಮೆಲ್ಲಗೆ ಅಂದಳು: ‘ಥೇಟ್ ನಿಮ್ಮಕ್ಕ ಫಕ್ಕೀರಿ ಮಲಗಿದಂಗ ಮಲಗೀಯಲ್ಲೋ.’

ಅವಳು ಹೋದ ಮೇಲೆ ನಿನ್ನವ್ವನದೇ ನೆನಪು.

ನಿನ್ನವ್ವ ಓದಿದ್ದನ್ನು ನೀನು ನೋಡಿಲ್ಲ. ನಾಲ್ಕನೇ ಇಯತ್ತೆಯಲ್ಲೇ ಇಪ್ಪತ್ತೊಂಬತ್ತರ ಮಗ್ಗಿ ನೀರು ಕುಡಿದಂತೆ ಹೇಳುತ್ತಿದ್ದಳು. ಎರಡು ವರ್ಷ ಸಣ್ಣವನಾದ ನಾನು ಹದಿಮೂರರಲ್ಲೇ ಜಾರಿ ಬೀಳುತ್ತಿದ್ದೆ. ಸಾಲಿ ಕೋಟೆಯ ಆಚೆಗಿತ್ತು. ಬರುವಾಗ ಹುಣಸೆಗಿಡದ ಕೆಳಗೆ ಕುಳಿತು ನನ್ನ ಲೆಕ್ಕ ಆಕೆ ಮಾಡುವುದು, ಆಕೆಗಾಗಿ ಹುಣಸೆಕಾಯಿ ನಾನು ಕೆಡವುವುದು, ಹಿಂಗೆ ನಮ್ಮ ಕರಾರು. ನವಿಲು ಕೂಗಿದರೆ ನಾನೂ ಕೂಗುತ್ತಿದ್ದೆ. ‘ನಿನಗಿಂತಾ ಅದರ ಕೂಗ ಚಲೋ ಐತಿ’ ಎಂದು ಸ್ಲೇಟಿನಿಂದ ತಲೆಗೆ ಹೊಡೆಯುತ್ತಿದ್ದಳು. ಆ ದಿನಗಳ ಹುಳಿ ಇನ್ನೂ ಹಲ್ಲಿನಲ್ಲಿದೆ, ರಂಜನಾ.

ಒಂದು ಮಧ್ಯಾಹ್ನ ನಡುಮನೆಯಲ್ಲಿ ಕುಳಿತವಳು ಕಣ್ಣುಜ್ಜಿಕೊಂಡಳು. ‘ಅವ್ವಾ, ಕಣ್ಣಾಗ ಕೋಟಿ ತೆನಿ ಬಂದಾವು. ಮಿಣಿಮಿಣಿ ಅನ್ನಾಕತ್ತಾವು. ನಿನ್ನ ಮಾರಿ ಅರ್ಧ ಕಾಣವಲ್ದು.’

ತೆನೆ ಎಂದರೆ ಕೋಟೆಗೋಡೆಯ ತುದಿಯಲ್ಲಿ ಹಲ್ಲು ಹಲ್ಲಾಗಿ ಕಟ್ಟಿರುತ್ತಾರಲ್ಲ, ಅದು. ಪರದೇಶದ ಡಾಕ್ಟರರೂ ಆ ಅಂಕುಡೊಂಕು ಬೆಳಕಿಗೆ ಕೋಟೆಯ ಹೆಸರನ್ನೇ ಇಟ್ಟಿದ್ದಾರೆಂದು ನಿನ್ನ ಪತ್ರದಲ್ಲಿದೆ. ನಮ್ಮ ಮನೆಯಲ್ಲಿ ಅಂಥ ಡಾಕ್ಟರರು ಇರಲಿಲ್ಲ, ಅಪ್ಪ ಇದ್ದ. ‘ಮನ್ಯಾಗ ಕುಂತಾಕಿಗೆ ಕೋಟಿ ಹೆಂಗ ಕಾಣತೈತಿ? ಗಾಳಿ ಹೊಕ್ಕೈತಿ’ ಎಂದ. ಕೋಟೆಯ ದಾರಿ ಬಂದ್, ಸಾಲಿಯೂ ಬಂದ್. ಆದರೂ ಬೆಳಕು ಬರುವುದು ನಿಲ್ಲಲಿಲ್ಲ. ಕೊನೆಗೊಬ್ಬ ಮುದುಕ ಬಂದು ಅರಿಶಿನದ ಕೊಂಬು ಸುಟ್ಟು ಆಕೆಯ ಎರಡೂ ಕಣತಲೆಗೆ ಒತ್ತಿದ. ಅಪ್ಪ ತೋಳು ಹಿಡಿದಿದ್ದ, ಪಾದ ಹಿಡಿಯಲು ನನ್ನನ್ನು ಕೂರಿಸಿದ್ದರು. ನನ್ನ ಮೂಗಿಗೆ ಒದೆ ಬಿದ್ದೀತೆಂದೋ ಏನೋ, ಆಕೆ ಕಾಲು ಕೊಸರಲೇ ಇಲ್ಲ.

‘ಈಗ ಕಾಣತೈತೇನು?’ ಎಂದು ಮುದುಕ ಕೇಳಿದ.

‘ಇಲ್ರಿ. ಏನೂ ಕಾಣವಲ್ದು.’

ಅಂದಿನಿಂದ ಆಕೆ ಹೇಳುವುದು ನಿಂತಿತು, ಬರುವುದು ನಿಲ್ಲಲಿಲ್ಲ. ಹೊಟ್ಟಿನ ಕೋಣೆ ಕಸ ಹೊಡೆಯುತ್ತೇನೆಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ವಾಂತಿಯ ಸಪ್ಪಳ ನನಗೆ ಕೇಳಿಸುತ್ತಿತ್ತು. ಸಂಜೆ ಹೊರಗೆ ಬಂದು, ಮಾರಿ ತೊಳೆದು, ‘ತಾ ನಿನ್ನ ಲೆಕ್ಕದ ಪಟ್ಟಿ’ ಅನ್ನುತ್ತಿದ್ದಳು. ನಾನು ಏಳನೇ ಇಯತ್ತೆ ಪಾಸಾದದ್ದು ಸಾಲಿ ಬಿಡಿಸಿದವಳ ಲೆಕ್ಕದಿಂದ. ಊರಿಗೆಲ್ಲ ಪೇಢೆ ಹಂಚಿದವನು ನಾನು.

ಆದ್ದರಿಂದ ಮಗಳೇ, ಬರೆಯಿಂದ ನಿಂತಿತೆನ್ನುವುದು ಸುಳ್ಳು. ಇದನ್ನು ಅಕ್ಕನ ಮುಂದೆಯೇ ಓದು. ಸಿಟ್ಟಾದರೆ ಆಗಲಿ. ಪೂಜಾಳಿಗೆ ನಿನ್ನ ಡಾಕ್ಟರರ ಔಷಧಿ ನಡೆಸು, ಸಾಲಿ ತಪ್ಪಿಸಬೇಡ, ನೆಪ ಅನ್ನುವ ಮಾಸ್ತರರಿಗೆ ಡಾಕ್ಟರರ ಚೀಟಿ ತೋರಿಸು. ನಿನ್ನ ಮನೆ ತಂಪಾಗಿರಲಿ. ಕೂಸು ನೂರು ವರ್ಷ ಬಾಳಲಿ, ಮಗ್ಗಿಯಲ್ಲಿ ಅಜ್ಜಿಯನ್ನು ಸೋಲಿಸಲಿ. ಎರಡು ಕಿಲೋ ಖಾರ ಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ.

ನಿನ್ನ ಮಾಮಾ,
ಮೃತ್ಯುಂಜಯ

ತಾ.ಕ.: ಇಷ್ಟು ಬರೆದು ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಬರೆ ಸುಳ್ಳೆಂದು ನಾನು ಹೇಳಿದರೆ ಅಕ್ಕ ಕೇಳುವುದಿಲ್ಲ. ಕೇಳುವಂಥದ್ದು ಒಂದಿದೆ.

ಬರೆ ಹಾಕುವ ಎಂಟು ದಿನ ಮೊದಲು ಆ ತೆನೆ ನನಗೂ ಕಂಡಿತ್ತು. ಎಡಗಣ್ಣಿನ ಬದಿಯಲ್ಲಿ, ಅದೇ ಹಲ್ಲು, ಅದೇ ಮಿಣಿಮಿಣಿ. ಆಮೇಲೆ ತಲೆ ಸೀಳುವಂಥ ನೋವು. ಕಣಕಿಯ ಬಣವೆಯ ಹಿಂದೆ ವಾಂತಿ ಮಾಡಿ ಮಣ್ಣು ಮುಚ್ಚಿದೆ. ಮುದುಕ ಕೊಂಬು ಕಾಯಿಸುವಾಗ ಅಕ್ಕ ನನ್ನ ಕಡೆ ನೋಡಿದಳು. ಆಕೆಗೆ ಗೊತ್ತಿರಲಿಲ್ಲ, ಸುಮ್ಮನೆ ನೋಡಿದಳು. ‘ನನಗೂ ಕಾಣತೈತಿ’ ಎಂದು ಒಂದು ಮಾತು ಆಡಿದ್ದರೆ, ಇಬ್ಬರಿಗೂ ಕಾಣುವುದು ಗಾಳಿಯಲ್ಲ ಎಂದು ಅಪ್ಪನಿಗೆ ಅನ್ನಿಸುತ್ತಿತ್ತೋ ಏನೋ. ಇಲ್ಲವೇ ಇನ್ನೊಂದು ಕೊಂಬು ಕಾಯುತ್ತಿತ್ತು. ಅದಕ್ಕೆ ಹೆದರಿ ಆಕೆಯ ಪಾದ ಇನ್ನೂ ಬಿಗಿಯಾಗಿ ಹಿಡಿದೆ.

ಅಕ್ಕನಿಗೆ ಇದನ್ನು ಓದಿ ಹೇಳು. ಫಾರ್ಮಿನ ಎಲ್ಲ ‘ಇಲ್ಲ’ಗಳನ್ನು ಹೊಡೆದುಹಾಕಿದ್ದೇನೆ. ಕಳೆದ ಮೂರು ತಿಂಗಳಲ್ಲಿ ತಲೆನೋವಿನಿಂದ ಕಳೆದುಕೊಂಡ ದಿನಗಳೆಷ್ಟು ಎಂಬಲ್ಲಿ ಮೊದಲು ಸೊನ್ನೆ ಬರೆದಿದ್ದೆ, ನಿನ್ನೆ ನಾಚಿಕೆಯಿಂದ ಐದು ಎಂದು ತಿದ್ದಿದೆ. ಅದೂ ಸುಳ್ಳು. ಇಪ್ಪತ್ತಾರು.