ಕುಳ್ಳರ ಪಾಲಿನ ಕಡುಬು

ಪೇಲ್ ಕ್ರೀಕ್, ನೆವಾಡಾ
ಜೂನ್ 3, 1931

ಪ್ರೀತಿಯ ಜೋರಿ,

ಕತ್ತೆ, ಕೈಗೆ ಲಕ್ವ ಹೊಡೆದಿದೆಯೇನೋ? ಈಸ್ಟರಿಗೆ ಬರೆದವನು ಆಮೇಲೆ ಒಂದು ಸಾಲು ಗೀಚಿಲ್ಲ. ಮದುವೆ ಗೊತ್ತಾದ ಮಾತ್ರಕ್ಕೆ ಅಜ್ಜಿ ಸತ್ತಳೆಂದುಕೊಂಡೆಯಾ? ಕೆಮ್ಮು ಹೇಗಿದೆ? ಎದೆಗೆ ಬಾತುಕೋಳಿಯ ಕೊಬ್ಬು ತಿಕ್ಕಿಕೊ, ವಾಸನೆಗೆ ಹೇಸಬೇಡ. ಮಂಡಿ ಒಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ.

ಬೆಳ್ಳಿ ಮುಗಿದು ಗಣಿ ಮುಚ್ಚಿದ ಮೇಲೆ ಇಲ್ಲಿ ಮಧ್ಯಾಹ್ನಗಳು ಮುಗಿಯುವುದೇ ಇಲ್ಲ. ಬೆಟ್ಟದ ಬಿಳಿ ದೂಳು ಇಳಿದು ಬಂದು, ಬೀದಿಯಲ್ಲಿ ಯಾರನ್ನೋ ಹುಡುಕುವಂತೆ ಸುತ್ತಿ, ಸಿಗದೆ ಹಿಂದಿರುಗುತ್ತದೆ. ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಸತ್ತವರೆಲ್ಲ ಊಟದ ಡಬ್ಬಿ ಹಿಡಿದು ಪಾಳಿಗೆ ಹೊರಟಂತೆ ಕಾಣುತ್ತದೆ. ಇಂಥ ಊರಿನಲ್ಲಿ ಅಂಗಡಿಯ ಹಾಸ್ಕೆಲ್‌ಗೆ ಬುದ್ಧಿ ಓಡಿದೆ: ದರೋಡೆಕೋರ ಕರಿಟೋಪಿಯ ಗೋರಿ ಅಗೆದು, ಮೂಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬರುವವರಿಗೆ ತೋರಿಸುತ್ತಾನಂತೆ. "ಕೇಳೋಕೆ ಅವನಿಗೆ ಯಾರಿದಾರೆ ಬಿಡಜ್ಜಿ!" ಅಂದ.

ಗೋರಿ ಕಣ್ಣೆದುರೇ ಇದ್ದರೂ, ಕರಿಟೋಪಿ ಕುದುರೆ ಸಮೇತ ಬಂಡೆಯೊಳಗೆ ಕರಗಿಹೋದ, ಹುಣ್ಣಿಮೆಗೆ ಈಗಲೂ ಗೊರಸಿನ ಸದ್ದು ಕೇಳುತ್ತದೆ ಎಂದು ಊರವರು ಹೇಳುತ್ತಾರೆ. ಕೇಳಲು ಚೆಂದ, ನನಗೂ ಒಮ್ಮೊಮ್ಮೆ ಕೇಳಿಸುತ್ತದೆ. ಆದರೆ ನಾವು ಮುಚ್ಚಿಟ್ಟ ಮಾತು ಕೇಳು, ಅವನು ನಿನ್ನ ಅಜ್ಜನ ತಮ್ಮ ಡಿಗರಿ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಒಂದು ಚಳಿಗಾಲ ಹಳೆಯ ಸುರಂಗದಲ್ಲಿ ಅಡಗಿದ್ದ. ನಮ್ಮ ಕಾರ್ನಿಷ್ ಗಂಡಸರು ಮಾಂಸದ ಕಡುಬಿನ ಕೊನೆಯ ತುಂಡನ್ನು ಗಣಿಯೊಳಗೆ ಗೋಡೆ ತಟ್ಟುವ ಕುಳ್ಳರಿಗೆಂದು, ಆ ಗಿಡ್ಡ ಭೂತಗಳಿಗೆಂದು, ಬಿಟ್ಟುಬರುತ್ತಿದ್ದರಲ್ಲ, ಅದನ್ನೇ ತಿಂದು ಬದುಕಿದ. ತುಂಡು ಮಾಯವಾದಷ್ಟೂ ಉಳಿದವರಿಗೆ ಹಿಗ್ಗು, ಕುಳ್ಳರು ಒಲಿದರೆಂದು. "ನಿನ್ನ ಕೈರುಚಿ ಹಿಡಿಸಿದೆ ಕಣೇ ಕೆಜಾಯಾ, ನಾಳೆ ಇನ್ನೂ ದೊಡ್ಡದು ಮಾಡು!" ಎನ್ನುತ್ತಿದ್ದ ನಿನ್ನಜ್ಜ, ಗೆಳೆಯರ ಎದುರೇ, ಮುಖ ಬಿಗಿದುಕೊಂಡು. ತಿನ್ನುವವನು ಯಾರೆಂದು ನಮ್ಮಿಬ್ಬರಿಗೂ ಗೊತ್ತು, ನಾನೂ ಮಾಡುತ್ತಿದ್ದೆ. ಹಿಮ ಕರಗುವ ಮೊದಲೇ ಡಿಗರಿ ಜ್ವರದಲ್ಲಿ ಹೋದ. ಹೆಣ ನೋಡಲು ಊರೇ ಓಡಿದಾಗ ನಿನ್ನಜ್ಜ ಎಲ್ಲರ ಹಿಂದೆ ನಿಂತಿದ್ದ, ತಮ್ಮಾ ಎಂದು ಬಾಯಿಬಿಟ್ಟು ಅಳಲಾರದೆ.

ನಮ್ಮವನು ಎಂದು ನಾನು ಒಂದು ಮಾತು ಅಂದರೆ ಅಗೆತ ನಿಲ್ಲುತ್ತದೆ. ಆದರೆ ನೀನು ಮದುವೆಯಾಗುವವಳು ಪಾದ್ರಿಯ ಮಗಳು. ದರೋಡೆಕೋರನ ಮನೆಗೆ ಹೆಣ್ಣು ಕೊಡುತ್ತಾರೋ ಇಲ್ಲವೋ. ಇದೇ ಯೋಚನೆಯಲ್ಲಿ ಹೋದ ವಾರವೆಲ್ಲ ಒಲೆಯ ಮೇಲಿನ ಸಾರು ತಳಹಿಡಿಸಿದೆ.

ದೇವರು ನಿನ್ನ ಎದೆ ಬೆಚ್ಚಗಿಡಲಿ. ಹುಡುಗಿಯ ಹಣೆಗೆ ನನ್ನದೊಂದು ಮುತ್ತು.

ನಿನ್ನ ಅಜ್ಜಿ,
ಕೆಜಾಯಾ ಟ್ರೆವೀನ್

ಮರೆತಿದ್ದೆ: ಕೊನೆಗೆ ಮೊನ್ನೆ ಭಾನುವಾರ ಚರ್ಚಿನ ಬಾಗಿಲಲ್ಲೇ ಹೇಳಿಬಿಟ್ಟೆ. "ಅವನಿಗೆ ನಾವಿದೀವಿ ಕಣೋ ಹಾಸ್ಕೆಲ್, ಗುದ್ದಲಿ ಕೆಳಗಿಡು!" ಇಟ್ಟ. ಸುದ್ದಿ ನಿಮ್ಮೂರು ಮುಟ್ಟುವ ಮೊದಲು ಪಾದ್ರಿಗೆ ನೀನೇ ಹೇಳು, ತಲೆಯೆತ್ತಿ ಹೇಳು. ಹುಡುಗಿ ಏನಂದಳೆಂದು ಮುಂದಿನ ತಿಂಗಳು ಹುಟ್ಟುವ ಮೊದಲು ಬರೆ.